ಕತ್ತರಿ ನಿಂತರೆ ಮೂರು ಮಿಷಿನ್ ನಿಲ್ಲುತ್ತೆ: ಮೈಸೂರಿನ ಒಂದು ಬ್ಲೌಸ್ ಅಂಗಡಿಯ ಸಮಯದ ಲೆಕ್ಕ

ಕುವೆಂಪುನಗರದ ಒಂದು ಅಡ್ಡರಸ್ತೆಯಲ್ಲಿ ಈ ಅಂಗಡಿ ಇದೆ. ಒಂದೇ ಶಟರ್‌ನ ಮಳಿಗೆ. ಮುಖ್ಯವಾಗಿ ಬ್ಲೌಸ್ ಹೊಲಿಗೆ. ಜೊತೆಗೆ ಸೀರೆಗೆ ಫಾಲ್, ಜಿಗ್‌ಜ್ಯಾಗ್, ಕುಚ್ಚು, ಆಗೊಮ್ಮೆ ಈಗೊಮ್ಮೆ ಚೂಡಿದಾರ್. ನಡೆಸುವವರು ನಲವತ್ತು ದಾಟಿದ ಹೆಂಗಸು. ಮೊದಲು ಮನೆಯ ವರಾಂಡದಲ್ಲಿ ಒಂದು ಮಿಷಿನ್ ಇಟ್ಟುಕೊಂಡಿದ್ದರು, ಆಮೇಲೆ ಅಂಗಡಿ ಮಾಡಿದರು. ಈಗ ಮೂವರು ಟೈಲರ್‌ಗಳು ಅವರ ಹತ್ತಿರ ಕೆಲಸ ಮಾಡುತ್ತಾರೆ. ಹೆಮ್ಮಿಂಗ್ ಮಾಡಿ ಹುಕ್ಕು ಹಾಕಿಕೊಡಲು ಅಕ್ಕಪಕ್ಕದ ಬೀದಿಯ ಇಬ್ಬರು ಇದ್ದಾರೆ. ಅಂಗಡಿ ನಡೆಸುವವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು. ಹಾಗಾಗಿ ಇಲ್ಲಿ ಯಜಮಾನಿ ಎಂದಷ್ಟೇ ಕರೆಯುತ್ತೇನೆ.

ನನ್ನ ಕೆಲಸ ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡುವುದು. ಹೊಲಿಗೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಈ ಅಂಗಡಿಯಲ್ಲಿ ಕುಳಿತು ನೋಡಿದ್ದು. ಅವರು ನನ್ನ ಹತ್ತಿರ ಬಂದಿದ್ದೂ ಸಮಯದ ವಿಷಯಕ್ಕಲ್ಲ, ತೆರಿಗೆಯ ಭಯಕ್ಕೆ. 2025ರ ಜುಲೈ ನೆನಪಿದೆಯಲ್ಲ? ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ರಾಜ್ಯದ ತುಂಬ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿ ಬಂತು. ಯಜಮಾನಿಯೂ ಕೋಡ್ ಕಿತ್ತು ಡ್ರಾಯರಿಗೆ ಹಾಕಿದ್ದರು. ಈ ವಿಷಯ ಬಗೆಹರಿಸಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ಹೊಲಿಗೆ ಎಂದರೆ ಸೇವೆ. ಸೇವೆಗೆ ಜಿಎಸ್‌ಟಿ ನೋಂದಣಿ ಬೇಕಾಗುವುದು ವರ್ಷದ ವಹಿವಾಟು 20 ಲಕ್ಷ ದಾಟಿದಾಗ, ಬರೀ ಸಾಮಾನು ಮಾರುವವರಿಗೆ 40 ಲಕ್ಷ. ಇವರ ವಹಿವಾಟು ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಪಾಸ್‌ಬುಕ್ ನೋಡಿ ಹಾಗೆಂದು ಹೇಳಿದೆ. ಕೋಡ್ ವಾಪಸ್ ಗೋಡೆಗೆ ಬಂತು.

ಎದ್ದು ಹೊರಡುವಾಗ ಅವರು, “ದುಡ್ಡಿನ ಲೆಕ್ಕ ಸರಿ ಇದೆ ಅಂತೀರ. ಟೈಮಿನ ಲೆಕ್ಕವೇ ನನಗೆ ಸಿಗ್ತಿಲ್ಲ. ಬೆಳಗ್ಗೆ ಎಂಟಕ್ಕೆ ಬಾಗಿಲು ತೆಗೆದರೆ ರಾತ್ರಿ ಹತ್ತು. ಆದರೂ ಒಂದು ಬ್ಲೌಸೂ ಹೇಳಿದ ದಿನಕ್ಕೆ ಆಗಲ್ಲ” ಅಂದರು.

ಆಗ ಆಷಾಢ ಮುಗಿಯುತ್ತಾ ಬಂದಿತ್ತು. ಜುಲೈ 25ಕ್ಕೆ ಶ್ರಾವಣ ಶುರು. ಆಗಸ್ಟ್ 8, ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಬ್ಲೌಸ್ ಹೊಲಿಯುವವರಿಗೆ ವರ್ಷದ ಅತಿ ಕಷ್ಟದ ಹದಿನೈದು ದಿನ ಇವೇ. ಆಷಾಢದ ಸೇಲ್‌ನಲ್ಲಿ ಸೀರೆ ಕೊಂಡವರೆಲ್ಲ ಅದನ್ನು ಬೀರುವಿನಲ್ಲಿಟ್ಟು, ಶ್ರಾವಣ ಹುಟ್ಟಿದ ಮೇಲೆ ಒಟ್ಟಿಗೆ ಎದ್ದು ಟೈಲರ್ ಹತ್ತಿರ ಬರುತ್ತಾರೆ. ಹಿಂದಿನ ವರ್ಷ ಹಬ್ಬದ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಅಂಗಡಿ ನಡೆದಿತ್ತು. ಆಗಲೂ ಕೆಲವರಿಗೆ ಬ್ಲೌಸ್ ಸಿಗಲಿಲ್ಲ. ಒಬ್ಬರು ಅಂಗಡಿ ಮುಂದೆಯೇ ಅತ್ತುಬಿಟ್ಟರಂತೆ.

ಮೊದಲು ಏನೇನು ಮಾಡಿ ನೋಡಿದ್ದರು?

ಎಲ್ಲರೂ ಮಾಡುವುದನ್ನೇ. ಅಂಗಡಿಯನ್ನು ಒಂದು ಗಂಟೆ ಬೇಗ ತೆಗೆದರು. ಫೋನಿನಲ್ಲಿ ಕೆಲಸದ ಪಟ್ಟಿ ಬರೆಯುವ ಆ್ಯಪ್ ಹಾಕಿಸಿಕೊಂಡರು. ಅದು ಎರಡು ವಾರವೂ ಬಾಳಲಿಲ್ಲ. ಕೈಯಲ್ಲಿ ಕತ್ತರಿ ಹಿಡಿದವರು ಫೋನಿನಲ್ಲಿ ಟಿಕ್ ಹಾಕುತ್ತಾ ಕೂರುತ್ತಾರೆಯೇ? ದೊಡ್ಡ ಹೆಜ್ಜೆ ಎಂದರೆ, ಹಿಂದಿನ ವರ್ಷ ಮೂರನೇ ಟೈಲರನ್ನು ಸೇರಿಸಿಕೊಂಡದ್ದು. ಜಯಪುರದ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿ. ಒಳ್ಳೆಯ ಕೈ. ಹೆಂಗಸರಿಗೆ ಬಸ್ ಫ್ರೀ ಆದಮೇಲೆ ಇಂಥವರು ಸಿಗುವುದು ಸುಲಭವಾಗಿದೆ ಎಂದು ಯಜಮಾನಿಯೇ ಹೇಳುತ್ತಾರೆ. ಕೂಲಿಯಲ್ಲಿ ದಿನಾ ಬಸ್ ಚಾರ್ಜ್ ಕಳೆಯಬೇಕಿಲ್ಲ, ಹಾಗಾಗಿ ದೂರದಿಂದ ಬಂದರೂ ಗಿಟ್ಟುತ್ತದೆ.

ಇಬ್ಬರಿದ್ದಾಗ ದಿನಕ್ಕೆ ಸುಮಾರು ಏಳು ಬ್ಲೌಸ್ ಹೊರಗೆ ಹೋಗುತ್ತಿತ್ತು. ಮೂವರಾದ ಮೇಲೂ ಏಳೇ! ಯಜಮಾನಿಗೆ ಇದು ತಲೆಗೆ ಹತ್ತಲಿಲ್ಲ. ಹುಡುಗಿ ಸೋಮಾರಿಯಲ್ಲ, ಮಿಷಿನ್ ಹೊಸದು, ಆದರೂ ಯಾಕೆ ಹೀಗೆ?

ಅಂಗಡಿಯಲ್ಲಿ ಕೆಲಸ ಹೇಗೆ ಸಾಗುತ್ತದೆ ಎಂದು ನೋಡಿದರೆ ಕಾರಣ ಕಣ್ಣಿಗೆ ಬೀಳುತ್ತದೆ. ಬಟ್ಟೆ ಬರುತ್ತದೆ. ಅಳತೆ ತೆಗೆಯುವುದು ಯಜಮಾನಿ. ಲೈನಿಂಗ್ ಬಟ್ಟೆಯನ್ನು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡುತ್ತಾರೆ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಬ್ಲೌಸ್ ಸುಕ್ಕಾಗುತ್ತದೆ. ಕತ್ತರಿಸುವುದು ಮತ್ತೆ ಯಜಮಾನಿ. ಆಮೇಲೆ ಟೈಲರ್ ಹೊಲಿಯುತ್ತಾರೆ, ಹೆಮ್ಮಿಂಗ್ ಮತ್ತು ಹುಕ್ಕಿಗೆ ಹೊರಗೆ ಹೋಗಿ ಬರುತ್ತದೆ, ಇಸ್ತ್ರಿಯಾಗಿ ಚೀಲ ಸೇರುತ್ತದೆ. ಮೂರು ಮಿಷಿನ್ ಇದ್ದರೂ ಕತ್ತರಿ ಹಿಡಿಯುವ ಕೈ ಒಂದೇ. ನಾಲೆಯ ತೂಬು ಎಷ್ಟು ತೆರೆದಿದೆಯೋ ಅಷ್ಟೇ ನೀರು ಗದ್ದೆಗೆ ಬರುವುದು. ಗದ್ದೆ ಅಗಲ ಮಾಡಿದರೆ ನೀರು ಜಾಸ್ತಿ ಬಂದುಬಿಡುತ್ತದೆಯೇ? ಮೂರನೇ ಟೈಲರ್ ಬಂದಾಗ ಆದದ್ದು ಇಷ್ಟೇ. ಮೊದಲು ಇಬ್ಬರು ಹಂಚಿಕೊಳ್ಳುತ್ತಿದ್ದ ಏಳು ಪೀಸನ್ನು ಮೂವರು ಹಂಚಿಕೊಂಡರು. ಕೂಲಿ ಪೀಸ್ ಲೆಕ್ಕ, ಹಾಗಾಗಿ ಎಲ್ಲರ ಕೈಗೂ ಕಡಿಮೆ ದುಡ್ಡು. ಮಧ್ಯಾಹ್ನದ ಹೊತ್ತಿಗೆ ಮೂವರೂ ಮಿಷಿನ್ ಮುಂದೆ ಕೂತು ಸುಮ್ನೆ ಮೊಬೈಲ್ ನೋಡುತ್ತಿದ್ದರೆ ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅವರಿಗೆ ಕತ್ತರಿಸಿದ ಬಟ್ಟೆ ಬಂದಿಲ್ಲ.

ಹಾಗಾದರೆ ಕತ್ತರಿಸಲು ಅಷ್ಟೊಂದು ಹೊತ್ತು ಬೇಕೇ? ಇಲ್ಲ. ಇಲ್ಲೇ ಇರುವುದು ಸ್ವಾರಸ್ಯ. ಒಂದು ಲೈನಿಂಗ್ ಬ್ಲೌಸ್ ಕತ್ತರಿಸಲು ಇವರ ಕೈಗೆ ಹದಿನೈದರಿಂದ ಇಪ್ಪತ್ತು ನಿಮಿಷ ಬೇಕು. ಪ್ರಿನ್ಸೆಸ್ ಕಟ್ ಇದ್ದರೆ ಸ್ವಲ್ಪ ಜಾಸ್ತಿ. ಹತ್ತು ಬ್ಲೌಸಿಗೆ ಮೂರು, ಮೂರೂವರೆ ಗಂಟೆ ಸಾಕು. ದಿನಕ್ಕೆ ಹದಿಮೂರು ಹದಿನಾಲ್ಕು ಗಂಟೆ ಅಂಗಡಿಯಲ್ಲಿರುವವರಿಗೆ ಆ ಮೂರು ಗಂಟೆ ಸಿಗುತ್ತಿರಲಿಲ್ಲ.

ಒಂದು ಬೆಳಗ್ಗೆ ಅವರ ಕತ್ತರಿಯ ಮೇಜಿನ ಪಕ್ಕದ ಸ್ಟೂಲಿನಲ್ಲಿ ಕೂತು ನೋಡಿದೆ. ಮೇಜಿನ ಮೇಲೆ ರೇಷ್ಮೆ ಸೀರೆಯ ಬ್ಲೌಸ್ ಪೀಸ್. ಅಂಚು ಎರಡೂ ತೋಳಿಗೆ ಸಮನಾಗಿ ಬರಬೇಕು, ಬೋಟ್ ನೆಕ್, ಹಿಂದೆ ಡೋರಿ. ಅಳತೆ ಬ್ಲೌಸನ್ನು ಮಡಚಿದ ಬಟ್ಟೆಯ ಮೇಲಿಟ್ಟು, ಸೀಮೆಸುಣ್ಣದಿಂದ ಭುಜ ಗುರುತು ಮಾಡಿದರು. ಒಳಗೆ ಬಿಡುವ ಒಂದು ಇಂಚಿಗೆ ಇನ್ನೊಂದು ಗೆರೆ ಎಳೆಯಬೇಕು, ಅಷ್ಟರಲ್ಲಿ ಫೋನ್. “ಮೇಡಂ, ನಮ್ಮದು ಆಯ್ತಾ?” ಯಾರದು, ಯಾವ ಬಣ್ಣ ಎಂದು ಕೇಳಿ, ಮೂಲೆಯ ರಾಶಿಯಲ್ಲಿ ಚೀಲ ಹುಡುಕಿ, “ನಾಳೆ ಸಂಜೆ ಬನ್ನಿ” ಅಂದರು. ಆ ಬಟ್ಟೆ ಇನ್ನೂ ಕತ್ತರಿಸಿಯೇ ಇರಲಿಲ್ಲ. ವಾಪಸ್ ಬಂದು ಗೆರೆ ನೋಡಿದರು. ಒಂದು ಇಂಚು ಬಿಟ್ಟ ಗೆರೆಯೋ, ಬಿಡಬೇಕಾದ ಗೆರೆಯೋ? ಟೇಪ್ ಹಿಡಿದು ಮತ್ತೆ ಅಳೆದರು. ಅಷ್ಟರಲ್ಲಿ ಟೈಲರ್ ಒಬ್ಬಳು, “ಅಕ್ಕಾ, ಇದಕ್ಕೆ ಪೈಪಿಂಗ್ ಯಾವ ಬಣ್ಣ?” ಅಂದಳು. ಆಮೇಲೆ ಸೀರೆ ಹಿಡಿದು ಹೊಸ ಗಿರಾಕಿ ಬಂದರು. ಫೋನಿನಲ್ಲಿ ಡಿಸೈನ್ ತೋರಿಸುತ್ತಾ ಬಹಳ ಹೊತ್ತು ನಿಂತರು. ಅವರು ಹೋದಮೇಲೆ ರೇಷ್ಮೆ ಪೀಸಿನ ಮಡಿಕೆ ಜಾರಿತ್ತು. ಇನ್ನೊಮ್ಮೆ ಮೊದಲಿನಿಂದ ಶುರು. ರೇಷ್ಮೆಗೆ ಎರಡನೇ ಅವಕಾಶ ಇಲ್ಲ. ಸೀರೆಯ ಜೊತೆ ಬಂದ ಪೀಸ್ ಅದೊಂದೇ. ತಪ್ಪಿ ಕತ್ತರಿ ಬಿದ್ದರೆ ಅಂಥದ್ದೇ ಬಟ್ಟೆ ಊರೆಲ್ಲ ಹುಡುಕಿದರೂ ಸಿಗಲ್ಲ. ಹಾಗಾಗಿ ಎದ್ದು ಬಂದಾಗಲೆಲ್ಲ ಅವರು ಪೂರ್ತಿ ಮತ್ತೆ ಅಳೆಯುತ್ತಾರೆ. ಅದು ಸರಿಯೇ. ಇಪ್ಪತ್ತು ನಿಮಿಷದ ಕೆಲಸ ಮುಗಿದಾಗ ಒಂದೂಕಾಲು ಗಂಟೆ ಆಗಿತ್ತು.

ಯಾವ್ಯಾವುದಕ್ಕೆ ಏಳುತ್ತಾರೆ ಎಂದು ಗೊತ್ತಾಗಲಿ ಅಂತ, ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿ ಐದು ಕಲಂ ಎಳೆದು ಮೇಜಿನ ಪಕ್ಕ ಅಂಟಿಸಿದೆವು. ಹೊಸ ಗಿರಾಕಿ, ‘ಆಯ್ತಾ?’ ಫೋನ್, ಚೀಲ ಹುಡುಕುವುದು, ಟೈಲರ್ ಪ್ರಶ್ನೆ, ಇತರೆ. ಎದ್ದಾಗಲೆಲ್ಲ ಸೀಮೆಸುಣ್ಣದಲ್ಲಿ ಒಂದು ಗೆರೆ. ಹೊಸ ಗಿರಾಕಿಗಳಿಂದ ಸಮಯ ಹೋಗುತ್ತಿದೆ ಎಂದು ಅವರು ನಂಬಿದ್ದರು. ಒಂದು ವಾರದ ಗೆರೆ ನೋಡಿದರೆ ‘ಆಯ್ತಾ?’ ಕಲಂ ಉಳಿದವನ್ನೆಲ್ಲ ಮೀರಿಸಿತ್ತು. ಅದಕ್ಕೆ ಜೋಡಿಯಾಗಿ ‘ಚೀಲ ಹುಡುಕುವುದು’.

‘ಆಯ್ತಾ?’ ಎಂದು ಯಾರು ಕೇಳುತ್ತಾರೆ? ಹೇಳಿದ ದಿನ ದಾಟಿದವರು. ಅಂದರೆ ತಡವಾದ ಪ್ರತಿ ಬ್ಲೌಸಿಗೂ ಎರಡು ಮೂರು ಫೋನ್, ಒಂದೆರಡು ಸಲ ಬಂದು ವಾಪಸ್ ಹೋಗುವುದು. ಆ ಫೋನ್ ಎತ್ತುವಷ್ಟರಲ್ಲಿ ಇನ್ನೊಂದು ಬ್ಲೌಸ್ ತಡ. ಆ ಬ್ಲೌಸಿನವರು ನಾಳೆ ಫೋನ್ ಮಾಡುತ್ತಾರೆ. ಇದನ್ನು ಬೆಳಗ್ಗೆ ಏಳಕ್ಕೆ ಅಂಗಡಿ ತೆಗೆದು ಬಗೆಹರಿಸಲು ಆಗಲ್ಲ. ಏಳಕ್ಕೇ ಫೋನ್ ಶುರುವಾಗುತ್ತೆ, ಅಷ್ಟೇ.

ಭಾಗಾಕಾರ

ಆ ಶನಿವಾರ ಸಂಜೆ ಶಟರ್ ಎಳೆದು, ಅಂಗಡಿಯಲ್ಲಿದ್ದ ಚೀಲಗಳನ್ನೆಲ್ಲ ನೆಲದ ಮೇಲೆ ಹರಡಿ ಎಣಿಸಿದರು. ಹೆಚ್ಚೂಕಡಿಮೆ 140 ಬ್ಲೌಸ್. ದಿನಕ್ಕೆ ಹೊರಗೆ ಹೋಗುವುದು ಏಳು. 140ನ್ನು 7ರಿಂದ ಭಾಗಿಸಿದರೆ 20. ಅಂದರೆ ಇವತ್ತು ಬಟ್ಟೆ ಕೊಟ್ಟವರಿಗೆ ಬ್ಲೌಸ್ ಸಿಗಲು ಇಪ್ಪತ್ತು ಕೆಲಸದ ದಿನ ಬೇಕು. ಭಾನುವಾರಗಳನ್ನು ಸೇರಿಸಿದರೆ ಮೂರು ವಾರಕ್ಕೂ ಜಾಸ್ತಿ. ಯಜಮಾನಿ ಎಲ್ಲರಿಗೂ ಬರೆದುಕೊಡುತ್ತಿದ್ದ ದಿನಾಂಕ? ಒಂದು ವಾರ.

ಈ ಭಾಗಾಕಾರ ನನ್ನದಲ್ಲ. ಅಮೆರಿಕದ ಪ್ರೊಫೆಸರ್ ಜಾನ್ ಲಿಟಲ್ 1961ರಲ್ಲಿ ಇದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದರು. ಒಳಗಿರುವ ಕೆಲಸವನ್ನು, ದಿನಕ್ಕೆ ಮುಗಿಯುವ ಕೆಲಸದಿಂದ ಭಾಗಿಸಿದರೆ ಸರಾಸರಿ ಕಾಯುವ ದಿನ ಸಿಗುತ್ತದೆ. ಕಾರ್ಖಾನೆ, ಬ್ಯಾಂಕಿನ ಕ್ಯೂ, ಆಸ್ಪತ್ರೆ ಎಲ್ಲ ಕಡೆ ಇದೇ ಲೆಕ್ಕ. ಇದರಲ್ಲಿ ನನಗೆ ಇಷ್ಟವಾಗುವುದು, ಅಂಗಡಿಯವರು ಎಷ್ಟು ಕಷ್ಟಪಡುತ್ತಾರೆ, ಎಷ್ಟು ಒಳ್ಳೆಯವರು ಅನ್ನುವುದಕ್ಕೆ ಇಲ್ಲಿ ಜಾಗವೇ ಇಲ್ಲ. ಕಾಯುವ ದಿನ ಕಡಿಮೆಯಾಗಬೇಕಾದರೆ ಒಳಗಿರುವ ರಾಶಿ ಇಳಿಯಬೇಕು, ಇಲ್ಲವೇ ದಿನಕ್ಕೆ ಮುಗಿಯುವುದು ಹೆಚ್ಚಬೇಕು. ಮೂರನೇ ದಾರಿ ಇಲ್ಲ.

ಒಂದು ವಾರ ಅಂತ ಯಾಕೆ ಬರೆಯುತ್ತೀರಿ ಎಂದು ಕೇಳಿದೆ. “ಜಾಸ್ತಿ ದಿನ ಹೇಳಿದರೆ ಬೇರೆ ಕಡೆ ಹೋಗ್ತಾರೆ” ಅಂದರು. ಇದು ಸುಳ್ಳು ಭಯವೇನಲ್ಲ. ಕುವೆಂಪುನಗರದಲ್ಲಿ ಟೈಲರ್‌ಗಳಿಗೆ ಬರವಿಲ್ಲ.

ಏನು ಬದಲಾಯಿತು?

ಮೊದಲ ಬದಲಾವಣೆ ಬೆಳಗ್ಗೆಯದು. ಒಂಬತ್ತೂವರೆಯಿಂದ ಹನ್ನೆರಡೂವರೆಯವರೆಗೆ ಕತ್ತರಿ ಬಿಟ್ಟು ಬೇರೆ ಕೆಲಸ ಇಲ್ಲ. ಶಟರ್ ಅರ್ಧ ಎಳೆದಿರುತ್ತದೆ. ಫೋನ್ ಹಿರಿಯ ಟೈಲರ್ ಹತ್ತಿರ. ಅಳತೆ ಕೊಡಲು, ಡಿಸೈನ್ ಮಾತಾಡಲು ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡು, ಸಂಜೆ ಐದರಿಂದ ಎಂಟು. ಕೆಲಸಕ್ಕೆ ಹೋಗುವ ಹೆಂಗಸರು ಹೇಗೂ ಸಂಜೆಯೇ ಬರುವುದು, ಅವರಿಗೆ ತೊಂದರೆ ಆಗಲಿಲ್ಲ. ಬೆಳಗ್ಗೆ ವಾಕಿಂಗ್ ಮುಗಿಸಿ, ಹಾಲು ತರಕಾರಿ ಹಿಡಿದು ಬರುವ ಹಿರಿಯರಿಗೆ ಕೋಪ ಬಂತು. “ಏನಮ್ಮಾ, ಬ್ಯಾಂಕ್ ಮಾಡ್ಕೊಂಡ್ಯಾ?” ಎಂದವರೂ ಇದ್ದರು.

ಎಲ್ಲ ಟೈಲರ್‌ಗಳ ಪ್ರಶ್ನೆಗೂ ಒಂದು ವ್ಯವಸ್ಥೆ ಆಯಿತು. ಆರ್ಡರ್ ತೆಗೆದುಕೊಳ್ಳುವಾಗಲೇ ಪೈಪಿಂಗ್, ತೋಳಿನ ಉದ್ದ, ಹುಕ್ಕು ಮುಂದೋ ಹಿಂದೋ, ಡೋರಿ, ಲಟ್ಕನ್ ಎಲ್ಲ ಚೀಟಿಯಲ್ಲಿ ಬರೆದು ಬಟ್ಟೆಗೆ ಪಿನ್ ಮಾಡುವುದು. ಮೊದಲು ಇದೆಲ್ಲ ಯಜಮಾನಿಯ ತಲೆಯಲ್ಲಿತ್ತು. ತಲೆಯಲ್ಲಿದ್ದದ್ದನ್ನು ಕೇಳಲು ತಲೆಯ ಹತ್ತಿರವೇ ಬರಬೇಕಲ್ಲ.

ಚೀಲಗಳ ರಾಶಿ ಹೋಗಿ, ಗೋಡೆಗೆ ಪರದೆ ಕಟ್ಟುವಂಥ ಉದ್ದದ ಸರಳು ಬಂತು. ಕೊಡಬೇಕಾದ ದಿನಾಂಕದ ಸಾಲಿನಲ್ಲಿ ಚೀಲ ನೇತಾಡುತ್ತವೆ. ಎಡಗಡೆಯದು ನಾಳೆಯದು. ಈ ಒಂದು ಬದಲಾವಣೆಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಟ್ಟ ದುಡ್ಡು ಒಂದು ಬ್ಲೌಸಿನ ಕೂಲಿಗಿಂತ ಜಾಸ್ತಿ ಇರಲಿಲ್ಲ.

ದಿನಾಂಕದ ಪುಸ್ತಕಕ್ಕೆ ಮಾತ್ರ ಬಹಳ ಚರ್ಚೆ ಆಯಿತು. ಒಂದು ಉದ್ದ ನೋಟ್‌ಬುಕ್. ದಿನಕ್ಕೊಂದು ಪುಟ, ಪುಟಕ್ಕೆ ಹತ್ತೇ ಗೆರೆ. ಬೆಳಗಿನ ಕತ್ತರಿ ಶುರುವಾದ ಒಂದು ವಾರದಲ್ಲಿ ಮೂರು ಮಿಷಿನ್ ಸೇರಿ ಹತ್ತು ಪೀಸ್ ಹೊರಗೆ ಬರುತ್ತಿದ್ದವು. ಟೈಲರ್‌ಗಳು ಮೊದಲ ಸಲ ಮಧ್ಯಾಹ್ನ ಖಾಲಿ ಕೂರಲಿಲ್ಲ. ಹಾಗಾಗಿ ಹತ್ತು ಗೆರೆ. ಪುಟ ತುಂಬಿದರೆ ಮುಂದಿನ ಪುಟ, ಯಾರೇ ಬರಲಿ. ‘ಯಾರೇ ಬರಲಿ’ ಎಂದಾಗ ಯಜಮಾನಿ ನಕ್ಕುಬಿಟ್ಟರು. ನಾದಿನಿ ಬಂದರೆ? ಓನರ್ ಹೆಂಡತಿ ಬಂದರೆ? ಮಗಳ ಟೀಚರ್ ಬಂದರೆ? ಸರಿ, ಎಂಟು ಗೆರೆ ಬರೆಯುವುದು, ಎರಡು ಖಾಲಿ ಬಿಡುವುದು ಎಂದಾಯಿತು. ಆ ಎರಡು ಗೆರೆ ನಮ್ಮವರಿಗೆ, ಇಲ್ಲವೇ ಅರ್ಜೆಂಟ್ ಎಂದು ಒಂದೂವರೆ ಪಟ್ಟು ಕೊಡುವವರಿಗೆ. ನಮ್ಮೂರಲ್ಲಿ ಸಂಬಂಧಿಕರಿಗೆ ಇಲ್ಲ ಅನ್ನುವುದನ್ನು ಕಲಿಯಿರಿ ಎಂದು ಉಪದೇಶ ಮಾಡುವವರು ಸ್ವಂತ ಅಂಗಡಿ ಇಟ್ಟಿರಲಾರರು. ಜಾಗ ಮೊದಲೇ ತೆಗೆದಿಟ್ಟರೆ ಇಲ್ಲ ಅನ್ನುವ ಪ್ರಸಂಗವೇ ಕಡಿಮೆ.

ಪುಸ್ತಕದ ಜೊತೆ ಕೇಳುವ ರೀತಿಯೂ ಬದಲಾಯಿತು. ಹಿಂದೆ, “ಯಾವಾಗ ಬೇಕು?” ಎಂದು ಕೇಳುತ್ತಿದ್ದರು. ಎಲ್ಲರ ಉತ್ತರವೂ ಒಂದೇ: “ಆದಷ್ಟು ಬೇಗ.” ಈಗ, “ಯಾವ ಫಂಕ್ಷನ್‌ಗೆ ಉಡ್ತೀರಿ, ಅದು ಯಾವತ್ತು?” ಎಂದು ಕೇಳುತ್ತಾರೆ. ಮುಂದಿನ ತಿಂಗಳ ನಾಮಕರಣಕ್ಕೆ ಎಂದೋ, ಸುಮ್ನೆ ಹೊಲಿಸಿಡೋಣ ಅಂತ ಎಂದೋ ಉತ್ತರ ಬರುತ್ತದೆ. ಅರ್ಜೆಂಟ್ ಇರುವವರು ಯಜಮಾನಿ ಅಂದುಕೊಂಡದ್ದಕ್ಕಿಂತ ಎಷ್ಟೋ ಕಡಿಮೆ.

ವಾಟ್ಸ್ಆ್ಯಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ಲೌಸ್ ರೆಡಿಯಾದಾಗ ಅಂಗಡಿಯಿಂದಲೇ ಮೆಸೇಜ್ ಹೋಗುತ್ತದೆ, ಅಲ್ಲಿಯವರೆಗೆ ಫೋನ್ ಮಾಡುವ ಅಗತ್ಯವಿಲ್ಲ ಎಂದು ಚೀಟಿಯ ಕೆಳಗೆ ಅಚ್ಚು ಹಾಕಿಸಿದ್ದಾರೆ. ಮೊದಲ ತಿಂಗಳು ಯಾರೂ ನಂಬಲಿಲ್ಲ. ಹೇಳಿದ ದಿನಕ್ಕೆ ಮೆಸೇಜ್ ಬರತೊಡಗಿದ ಮೇಲೆ ಫೋನ್ ತಾನಾಗಿ ಇಳಿಯಿತು.

ಹಬ್ಬದ ಪರೀಕ್ಷೆ

ಜುಲೈ 25ರಿಂದ ಆಗಸ್ಟ್ 7ರವರೆಗೆ, ಎರಡು ಭಾನುವಾರ ಬಿಟ್ಟರೆ, ಹನ್ನೆರಡು ಕೆಲಸದ ದಿನ. ದಿನಕ್ಕೆ ಹತ್ತರಂತೆ 120 ಬ್ಲೌಸ್. ಹಳೆಯದು ಮುಗಿದಷ್ಟು ಹೊಸದು ಬಂದಿದ್ದರಿಂದ ರಾಶಿ ಹೆಚ್ಚೂಕಡಿಮೆ 140ರಲ್ಲೇ ಇತ್ತು. ಅಂದರೆ ಶ್ರಾವಣದ ಮೊದಲ ದಿನ ಬಾಗಿಲು ತೆಗೆಯುವ ಮೊದಲೇ ಪುಸ್ತಕ ತುಂಬಿತ್ತು, ಇಪ್ಪತ್ತು ಹೊರಗೇ ಉಳಿದಿತ್ತು. ಹಬ್ಬದ ಗಿರಾಕಿಗಳು ಇನ್ನೂ ಬಂದಿರಲಿಲ್ಲ!

ಯಜಮಾನಿಯ ಮುಖ ಬಿಳಚಿಕೊಂಡದ್ದು ಇದೊಂದೇ ಸಲ. ಆದರೆ ಹಿಂದಿನ ವರ್ಷವೂ ಲೆಕ್ಕ ಹೀಗೇ ಇದ್ದಿರಬೇಕು. ಗೊತ್ತಾಗಿದ್ದು ಆಗಸ್ಟ್ ತಿಂಗಳ ರಾತ್ರಿ ಎರಡು ಗಂಟೆಗೆ. ಈ ಸಲ ಎರಡು ವಾರ ಮುಂಚೆ ಗೊತ್ತಾಯಿತು.

ಕೈಯಲ್ಲಿದ್ದ 140 ಜನಕ್ಕೂ ಮೆಸೇಜ್ ಹೋಯಿತು, ಉತ್ತರಿಸದವರಿಗೆ ಫೋನ್. ಪ್ರಶ್ನೆ ಒಂದೇ: ನಿಮ್ಮದು ಹಬ್ಬಕ್ಕೆ ಬೇಕಾ, ಹಬ್ಬ ಆದಮೇಲೆ ಆಗುತ್ತಾ? ಸುಮಾರು ಐವತ್ತು ಜನ ಆಮೇಲೆ ಆಗುತ್ತೆ ಅಂದರು. ತೊಂಬತ್ತು ಉಳಿಯಿತು. 120ರಲ್ಲಿ ಮೂವತ್ತು ಗೆರೆ ಖಾಲಿಯಾಯಿತು. ಆ ಮೂವತ್ತು ತುಂಬಿದ ದಿನ ಬಾಗಿಲಿಗೆ ಬೋರ್ಡ್ ಬಿತ್ತು: ವರಮಹಾಲಕ್ಷ್ಮಿ ಹಬ್ಬಕ್ಕೆ ಆರ್ಡರ್ ಮುಗಿದಿದೆ, ಗೌರಿ ಹಬ್ಬಕ್ಕೆ ತೆಗೆದುಕೊಳ್ಳುತ್ತೇವೆ.

ಗೌರಿ ಹಬ್ಬ ಆಗಸ್ಟ್ 26, ಗಣೇಶ ಮರುದಿನ. ಕೆಲವರು ಹಾಗೇ ಬಟ್ಟೆ ಕೊಟ್ಟು ಹೋದರು. ಕೆಲವರು ಮುನಿಸಿಕೊಂಡು ಪಕ್ಕದ ರಸ್ತೆಗೆ ಹೋದರು. ಅವರಲ್ಲಿ ಇಬ್ಬರು ಹಳೆಯ ಗಿರಾಕಿಗಳು ಇನ್ನೂ ವಾಪಸ್ ಬಂದಿಲ್ಲ. ಇದನ್ನು ಮುಚ್ಚಿಟ್ಟು ಎಲ್ಲ ಚೆನ್ನಾಗಾಯಿತು ಎಂದು ಬರೆದರೆ ಲೆಕ್ಕ ತಪ್ಪಾಗುತ್ತದೆ.

ಎಡವಿದ್ದು ಬೇರೆ ಕಡೆ. ಆಗಸ್ಟ್ 6, 7 ಎರಡು ದಿನಕ್ಕೂ ಪುಸ್ತಕದಲ್ಲಿ ಹತ್ತು ಗೆರೆ ಇತ್ತು. ಆದರೆ ಟೈಲರ್‌ಗಳ ಮನೆಯಲ್ಲೂ ವರಮಹಾಲಕ್ಷ್ಮಿ ಇರುತ್ತಾಳಲ್ಲ! ಒಬ್ಬಳು ಬುಧವಾರವೇ ಊರಿಗೆ ಹೊರಟಳು. ಇನ್ನೊಬ್ಬಳು ಗುರುವಾರ ಮಧ್ಯಾಹ್ನ ಹೂವು ಹಣ್ಣು ತರಲು ದೇವರಾಜ ಮಾರುಕಟ್ಟೆಗೆ ಹೋದವಳು, ಅಲ್ಲಿನ ಜನದಲ್ಲಿ ಸಿಕ್ಕಿಕೊಂಡು ಸಂಜೆಗೆ ಬಂದಳು. ಹುಕ್ಕು ಹಾಕುವವರ ಮನೆಯಲ್ಲಿ ಒಬ್ಬಟ್ಟಿನ ಹೂರಣ ಒಲೆಯ ಮೇಲಿತ್ತು. ಕೊನೆಗೆ ಯಜಮಾನಿಯೇ ಹುಕ್ಕು ಹಾಕಿದರು. ರಾತ್ರಿ ಹನ್ನೊಂದಕ್ಕೆ ಶಟರ್ ಬಿತ್ತು. ನಾಲ್ಕು ಬ್ಲೌಸ್ ಶುಕ್ರವಾರ ಬೆಳಗ್ಗೆ ಆರೂವರೆಗೆ ಮನೆಗೇ ಹೋಗಿ ಕೊಟ್ಟರು, ಪೂಜೆಗೆ ಮುಂಚೆ. ಗೌರಿ ಹಬ್ಬಕ್ಕೆ ಹಿಂದಿನ ಎರಡು ದಿನದ ಪುಟಗಳಲ್ಲಿ ಐದೈದೇ ಗೆರೆ ಎಳೆದರು.

ದುಡ್ಡಿನ ಮಾತು: ಆಗಸ್ಟ್ ತಿಂಗಳ ಒಟ್ಟು ಹಣ ಹಿಂದಿನ ವರ್ಷಕ್ಕಿಂತ ಜಾಸ್ತಿಯಾಯಿತು. ದಿನಕ್ಕೆ ಮುಗಿಯುವ ಪೀಸ್ ಹೆಚ್ಚಿತಲ್ಲ, ಅದಕ್ಕೆ. ಇನ್ನೊಂದು ಕಾರಣವೂ ಇದೆ. ಹೊಲಿದಿಟ್ಟ ಬ್ಲೌಸ್ ತೆಗೆದುಕೊಂಡು ಹೋದಾಗಲೇ ಕೂಲಿ ಕೈಗೆ ಬರುವುದು. ಹೇಳಿದ ದಿನಕ್ಕೆ ರೆಡಿಯಿದ್ದರೆ ಜನ ಅವತ್ತೇ ಬಂದು ಒಯ್ಯುತ್ತಾರೆ. ಎರಡು ಸಲ ಬಂದು ಬರಿಗೈಲಿ ಹೋದವರು ಮೂರನೇ ಸಲ ಬರುವುದು ತಿಂಗಳು ಕಳೆದ ಮೇಲೆ.

ಸರಿಹೋಗದೇ ಉಳಿದದ್ದು

ಬೆಳಗಿನ ಮೂರು ಗಂಟೆಯನ್ನು ಗಿರಾಕಿಗಳು ಒಪ್ಪಿಕೊಂಡರು, ಮನೆಯವರು ಒಪ್ಪಿಕೊಳ್ಳಲು ತಡವಾಯಿತು. ಗ್ಯಾಸ್ ಸಿಲಿಂಡರ್ ಬಂದರೆ, ಮಗಳು ಸ್ಕೂಲಿಗೆ ಪುಸ್ತಕ ಮರೆತರೆ, ಅತ್ತೆಯ ಮಾತ್ರೆ ಮುಗಿದರೆ ಫೋನ್ ಬರುವುದು ಇವರಿಗೇ, ಆಫೀಸಿನಲ್ಲಿರುವ ಗಂಡನಿಗಲ್ಲ. ಅಂಗಡಿ ಎಂದರೆ ಹೆಂಗಸು ಮನೆಯ ಹತ್ತಿರ ಖಾಲಿ ಇದ್ದಾಳೆ ಎಂಬ ಲೆಕ್ಕ. ಸಮಯದ ಬಗ್ಗೆ ಬರೆಯುವ ಬಹಳಷ್ಟು ಸಲಹೆಗಳು ಅಡುಗೆ ಯಾರೋ ಮಾಡಿಟ್ಟಿರುತ್ತಾರೆ ಎಂದೇ ಶುರುವಾಗುತ್ತವೆ. ಈ ಅಂಗಡಿಯಲ್ಲಿ ಹಾಗಿಲ್ಲ. ಒಂಬತ್ತೂವರೆಗೆ ಕತ್ತರಿ ಹಿಡಿಯಬೇಕಾದರೆ ಆ ಹೊತ್ತಿಗೆ ಎರಡು ಹೊತ್ತಿನ ಅಡುಗೆ ಮುಗಿದಿರಬೇಕು. ಈಗ ಹನ್ನೆರಡೂವರೆಯವರೆಗಿನ ಮನೆಯ ಫೋನ್ ಗಂಡನಿಗೆ ಹೋಗುತ್ತದೆ. ಅದು ಹೇಗೆ ಒಪ್ಪಿಸಿದರು ಎಂದು ನಾನು ಕೇಳಲಿಲ್ಲ.

ದಸರಾದಲ್ಲಿ ಪುಸ್ತಕ ಮತ್ತೆ ಅಲುಗಾಡಿತು. ಆ ವರ್ಷ ದಸರಾ ಹನ್ನೊಂದು ದಿನ, ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2. ಮೈಸೂರಿನಲ್ಲಿ ಮನೆ ಇದ್ದವರಿಗೆ ಗೊತ್ತು. ಊರಿನ ನೆಂಟರೆಲ್ಲ ದೀಪಾಲಂಕಾರ ನೋಡಲು ಬರುತ್ತಾರೆ, ಗೊಂಬೆ ಕೂರಿಸಿದ್ದರೆ ಸಂಜೆ ಅಂಗಡಿಯಲ್ಲಿ ಕೂರುವ ಮಾತೇ ಇಲ್ಲ. ಹಾಗಾಗಿ ಆ ಹನ್ನೊಂದು ದಿನದ ಪುಟಗಳಲ್ಲಿ ದಿನಕ್ಕೆ ಆರೇ ಗೆರೆ, ವಿಜಯದಶಮಿಯಂದು ಗೆರೆಯೇ ಇಲ್ಲ. ಆದರೂ ನೆಂಟರು ಜೊತೆಗೆ ತಂದ ಬ್ಲೌಸ್ ಪೀಸ್‌ಗಳು ಖಾಲಿ ಬಿಟ್ಟ ಗೆರೆಗಳನ್ನೆಲ್ಲ ನುಂಗಿದವು.

ಎಲ್ಲಕ್ಕಿಂತ ಕಷ್ಟದ ವಿಷಯ ಇನ್ನೂ ನಡೆಯುತ್ತಿದೆ. ಕತ್ತರಿ ಹಿಡಿಯುವ ಕೈ ಒಂದೇ ಇರುವವರೆಗೆ ಯಜಮಾನಿಗೆ ಜ್ವರ ಬಂದ ದಿನ ಮೂರು ಮಿಷಿನ್ ನಿಲ್ಲುತ್ತದೆ. ಹಿರಿಯ ಟೈಲರ್‌ಗೆ ಕತ್ತರಿಸುವುದನ್ನು ಕಲಿಸಿ ಎಂದು ಮೊದಲ ವಾರವೇ ಹೇಳಿದ್ದೆ. ಮಾತು ಬದಲಾಯಿಸಿದ್ದರು. ಕಾರಣ ಎಲ್ಲ ಟೈಲರ್ ಅಂಗಡಿಯಲ್ಲೂ ಇರುವುದೇ. ಹೊಲಿಯುವವರು ಬೇಕಾದಷ್ಟು ಸಿಗುತ್ತಾರೆ, ಗಿರಾಕಿ ಬರುವುದು ಕಟಿಂಗ್ ನೋಡಿ. ಕಟಿಂಗ್ ಕಲಿತವರು ಆರು ತಿಂಗಳಲ್ಲಿ ಎದುರು ಅಂಗಡಿ ಹಾಕುತ್ತಾರೆ, ಅರ್ಧ ಗಿರಾಕಿಗಳನ್ನೂ ಕರೆದುಕೊಂಡು ಹೋಗುತ್ತಾರೆ. ಯಜಮಾನಿ ಸ್ವತಃ ಹಾಗೇ ಅಂಗಡಿ ಹಾಕಿದವರು. ಹಾಗಾಗಿ ಈ ಭಯಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ದಸರಾ ಮುಗಿದ ಮೇಲೆ ಯಜಮಾನಿಯೇ ನಿಧಾನವಾಗಿ ಹಿರಿಯ ಟೈಲರ್‌ಗೆ ಕಲಿಸಲು ಶುರುಮಾಡಿದರು. ಮೊದಲು ಬರೀ ಲೈನಿಂಗ್ ಬಟ್ಟೆ ಕತ್ತರಿಸುವುದು. ಆಮೇಲೆ ಸಾದಾ ಕಾಟನ್ ಬ್ಲೌಸ್, ಅಳತೆ ಬ್ಲೌಸ್ ಇಟ್ಟು. ರೇಷ್ಮೆ, ಪ್ರಿನ್ಸೆಸ್ ಕಟ್, ಬೋಟ್ ನೆಕ್ ಇನ್ನೂ ಯಜಮಾನಿಯ ಕೈಯಲ್ಲೇ. ಕತ್ತರಿಸಿದ ಪ್ರತಿ ಪೀಸಿಗೂ ಹೊಲಿಗೆಯ ಕೂಲಿಯ ಮೇಲೆ ಬೇರೆ ದುಡ್ಡು. ನನ್ನ ಅಭಿಪ್ರಾಯದಲ್ಲಿ ಆ ದರ ಸಾಲದು. ಹಾಗೆಂದು ಹೇಳಿದೆ. ಎರಡು ವಿಷಯ ಗಮನಿಸಬೇಕು. ಆಕೆ ಹೋಗುವುದಾದರೆ ಕಟಿಂಗ್ ಕಲಿಸದಿದ್ದರೂ ಹೋಗುತ್ತಾಳೆ, ಊರಿನ ತುಂಬ ಟೈಲರಿಂಗ್ ಕ್ಲಾಸ್‌ಗಳಿವೆ. ಉಳಿಯಬೇಕಾದರೆ ಇಲ್ಲಿ ಸಿಗುವ ದುಡ್ಡು ಸ್ವಂತ ಅಂಗಡಿಯ ಬಾಡಿಗೆ, ಅಡ್ವಾನ್ಸ್, ತಲೆನೋವು ಎಲ್ಲ ಕಳೆದ ಮೇಲೆ ಸಿಗುವುದಕ್ಕೆ ಹತ್ತಿರ ಇರಬೇಕು. ಯಜಮಾನಿ, “ನೋಡೋಣ” ಅಂದರು.

2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಬರುತ್ತದೆ, ಮೇ 17ರಿಂದ ಜೂನ್ 15. ಆ ತಿಂಗಳು ಮದುವೆ ಇಲ್ಲ. ಆಮೇಲೆ ಜುಲೈ ಮಧ್ಯದಿಂದ ಆಷಾಢ. ಅಂದರೆ ಒಂದೇ ಬೇಸಿಗೆ ಮಳೆಗಾಲದಲ್ಲಿ ಎರಡು ಸಲ ಪುಟ ಖಾಲಿ ಬೀಳುತ್ತದೆ, ಟೈಲರ್‌ಗಳ ಪೀಸ್ ಕೂಲಿಯೂ ಬೀಳುತ್ತದೆ. ಆ ಖಾಲಿ ಗೆರೆಗಳಿಗೆ ಶ್ರಾವಣದ ಬ್ಲೌಸ್‌ಗಳನ್ನು ಮುಂಚೆಯೇ ಎಳೆದು ತರಬೇಕು ಅನ್ನುವುದು ಈಗಿನ ಯೋಚನೆ. ಆಷಾಢದ ಸೇಲ್‌ನಲ್ಲಿ ಸೀರೆ ಕೊಂಡ ವಾರವೇ ಬಟ್ಟೆ ಕೊಟ್ಟವರಿಗೆ ಫಾಲ್ ಫ್ರೀ. ಆ ಮೆಸೇಜ್ ಯಾವ ದಿನ ಕಳಿಸಬೇಕು ಎಂದು ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾರೆ. ಅದರ ಕೆಳಗಿನ ಸಾಲಿನಲ್ಲಿ ಹಿರಿಯ ಟೈಲರ್‌ನ ಕಟಿಂಗ್ ರೇಟ್ ಎಂದು ಬರೆದು, ಮುಂದೆ ಮೊತ್ತ ಬರೆಯದೆ ಹಾಗೇ ಬಿಟ್ಟಿದ್ದಾರೆ.